ನಾಲ್ಕು ಗಂಟೆಯ ನಡಿಗೆಗೊಂದು ಟೈಂಟೇಬಲ್

ಕುರ್ಚಿಯಿಂದ ಸ್ವಲ್ಪ ಏಳಿ ಎಂದರೆ ಕುರ್ಚಿಯನ್ನೇ ಕಿತ್ತುಕೊಂಡರು ಎಂದು ಗಾಬರಿಬೀಳುವ ಜನರಿರುತ್ತಾರೆ. ಬಸ್ ಡಿಪೋದ ವೇಳಾಪಟ್ಟಿ ವಿಭಾಗದ ಮುಖ್ಯಸ್ಥರು ಅಂಥವರು. ಯಾವ ಬಸ್ಸು ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಬರಬೇಕು, ಬಂದಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆಯುವುದು ಅವರ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವರನ್ನು ಟೈಮಪ್ಪ ಎನ್ನುತ್ತಾರೆ. ಎದುರಿಗೆ ಹಾಗನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ನಾವೂ ಮೆಲ್ಲಗೇ ಹೇಳೋಣ.

ಹೊಸದಾಗಿ ಬಂದ ಮ್ಯಾನೇಜರ್ ಮೇಡಂ ಒಂದು ದಿನ ವಿಭಾಗವನ್ನೆಲ್ಲ ಸುತ್ತಿ ನೋಡಿದರು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಕತ್ತು ನೋವು, ಮಿಕ್ಕವರಿಗೆ ಎರಡೂ.

"ನಾಳೆಯಿಂದ ನಾಲ್ಕು ಗಂಟೆಗೆ ಎಲ್ಲರೂ ಹೊರಗೆ ಹೋಗಿ ಕೈಕಾಲು ಬೀಸಿ ನಡೀಬೇಕು. ಗೇಟಲ್ಲಿ ನಿಂತು ಫೋನ್ ನೋಡೋದಲ್ಲ ಮತ್ತೆ," ಎಂದರು.

"ನಡೆಯೋದು ಅಂದ್ರೆ ಸುಮ್ಸುಮ್ನೆ ನಡೆಯೋಕಾಗುತ್ತಾ ಮೇಡಂ? ಅದಕ್ಕೊಂದು ವ್ಯವಸ್ಥೆ ಬೇಡ್ವಾ?" ಎಂದರು ಟೈಮಪ್ಪನವರು.

ಪಾಪ, ಮೇಡಂ ಇದನ್ನು ಉತ್ಸಾಹ ಎಂದುಕೊಂಡು ಹೂಂಗುಟ್ಟಿಬಿಟ್ಟರು. ಕೆಟ್ಟದ್ದು ಅಲ್ಲೇ.

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ನಡಿಗೆಯ ಟೈಂಟೇಬಲ್ ತಯಾರು. ಗೇಟಿನಿಂದ ನಿರ್ಗಮನ, ನೀರಿನ ಟ್ಯಾಂಕಿನ ಬಳಿ ನಿಲುಗಡೆ, ಆಸ್ಪತ್ರೆ ಸ್ಟಾಪಿನಲ್ಲಿ ತಿರುವು, ಮತ್ತೆ ಗೇಟು. ಕೆಳಗೆ ದಪ್ಪ ಅಕ್ಷರದಲ್ಲಿ, "ಹಿಂದುಳಿದವರಿಗಾಗಿ ಕಾಯತಕ್ಕದ್ದಲ್ಲ."

"ಸಾರ್, ಟಿಕೆಟ್ ಯಾರು ಹರೀತಾರೆ?" ಎಂದು ಕೇಳಿದ, ಎಲ್ಲರಿಗಿಂತ ಒಂದು ಮೊಳ ಎತ್ತರವಿರುವ ಗುಮಾಸ್ತ ಉದ್ದಣ್ಣ. ಟೈಮಪ್ಪನವರು ನಗಲಿಲ್ಲ.

ಮೊದಲ ದಿನವೇ ಟೈಪಿಸ್ಟಮ್ಮ ಹಿಂದುಳಿದರು. ದಪ್ಪ ಮೈ, ಮೊಣಕಾಲು ಬೇರೆ ಕೈಕೊಟ್ಟಿದೆ. "ಉಸಿರು ತಗೊಳ್ಳೋಕೆ ಒಂದು ಸ್ಟಾಪ್ ಹಾಕಿ ಸಾರ್," ಎಂದು ಕೂಗಿದರು.

"ಹಾಕಿದೀನಲ್ಲಮ್ಮ, ಟ್ಯಾಂಕ್ ಹತ್ರ!"

"ನನ್ನ ಉಸಿರು ಟ್ಯಾಂಕಿಗಿಂತ ಮುಂಚೇನೇ ಹೋಗುತ್ತಲ್ಲ ಸಾರ್!"

"ಕಾಗದದಲ್ಲಿ ಎಲ್ಲಾ ಸರಿಯಾಗಿದೆ. ನೀವೇ ನಿಧಾನ," ಎಂದು ಟೈಮಪ್ಪನವರು ಮುಂದೆ ನಡೆದರು. ಪಾಪದ ಹೆಂಗಸು ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತು ಅವರಿಗೆ ಕೇಳಿಸುವ ಹಾಗೇ ಬೈದುಕೊಂಡರು.

ನೀವೇ ನಿಧಾನ ಎಂಬ ಮಾತು ಟೈಮಪ್ಪನವರ ಬಾಯಿಂದ ಬಂದದ್ದು ಅದೇ ಮೊದಲಲ್ಲ. ಅವರಿಗೊಬ್ಬಳು ಅಕ್ಕ. ಅಮ್ಮ ತೀರಿಕೊಂಡಮೇಲೆ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು. ಊರಿನ ಆ ತುದಿಯಲ್ಲಿ ಮನೆ. ವಾರ ತಪ್ಪದೆ ಬಸ್ಸು ಹತ್ತಿ ಬರುತ್ತಿದ್ದಳು. ಆಸ್ಪತ್ರೆ ಸ್ಟಾಪಿನಲ್ಲಿ ಇಳಿದರೆ ತಮ್ಮನ ಮನೆ ಹತ್ತಿರ, ಹಿಂದಿರುಗುವಾಗಲೂ ಅಲ್ಲೇ ಹತ್ತಬೇಕು. ಒಮ್ಮೆ ಅವಳು, "ಆ ಸ್ಟಾಪಲ್ಲಿ ಬಸ್ಸು ನಿಂತ ಹಾಗೆ ಮಾಡಿ ಹೊರಟೇಬಿಡುತ್ತೆ ಕಣೋ," ಎಂದಳು. "ನಿಲ್ಲುತ್ತೆ. ನಾನೇ ಬರೆದಿರೋದು. ನೀನೇ ನಿಧಾನ," ಎಂದರು ತಮ್ಮ. ಅಷ್ಟೇ. ಅಕ್ಕ ಬರುವುದನ್ನು ನಿಲ್ಲಿಸಿದಳು. ಫೋನು ಮಾಡಿದರೆ, "ಹೂಂ, ಚೆನ್ನಾಗಿದೀನಿ," ಎಂದು ಇಟ್ಟುಬಿಡುತ್ತಿದ್ದಳು. ಇವರಾದರೂ ಹೋಗಬಹುದಿತ್ತಲ್ಲ? ಹೋದರೆ ಸೋತಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಅಕ್ಕನಿಲ್ಲದ ಭಾನುವಾರಗಳು ಮಾತ್ರ ಅವರಿಗೆ ಒಂದಿಷ್ಟೂ ಸೇರುತ್ತಿರಲಿಲ್ಲ. ಹೀಗೇ ಬಿಟ್ಟರೆ ಅಕ್ಕ ಕೈತಪ್ಪಿಹೋಗುತ್ತಾಳೆ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ಇರಲಿ. ಕೆಲವು ದಿನ ನಡಿಗೆ ಸಾಗಿತು. ಬಿಸಿಲಿಗೆ ಮುಖಗಳಲ್ಲಿ ಕಳೆ ಬಂತು, ಉದ್ದಣ್ಣನ ಕತ್ತು ಎರಡೂ ಕಡೆ ತಿರುಗತೊಡಗಿತು. ಒಂದು ದಿನ ಸರಿಯಾಗಿ ಆಸ್ಪತ್ರೆ ಸ್ಟಾಪಿನ ಎದುರಿಗೆ ಟೈಮಪ್ಪನವರ ಚಪ್ಪಲಿಯ ಪಟ್ಟಿ ಪಟ್ಟನೆ ಕಿತ್ತುಹೋಯಿತು.

"ಒಂದು ನಿಮಿಷ ನಿಲ್ರಪ್ಪಾ!"

ಯಾರೂ ನಿಲ್ಲಲಿಲ್ಲ. ಉದ್ದಣ್ಣ ತಿರುಗಿ ಕೈಮುಗಿದ. "ಹಿಂದುಳಿದವರಿಗಾಗಿ ಕಾಯತಕ್ಕದ್ದಲ್ಲ ಸಾರ್. ನಾವು ಕಾಯೋಣ ಅಂದ್ರೂ ರೂಲ್ಸ್ ಬಿಡಲ್ಲ."

"ಮಾಡಿದ್ದುಣ್ಣೋ ಮಹರಾಯ," ಎಂದು ಟೈಪಿಸ್ಟಮ್ಮ ಯಾರಿಗೋ ಅಂದಂತೆ ಅಂದು, ಮೊಣಕಾಲನ್ನೂ ಮರೆತು ಸರಸರ ನಡೆದರು.

ಅಯ್ಯೋ, ಬರಿಗಾಲಲ್ಲಿ ಆ ಬಿಸಿ ರಸ್ತೆ ತುಳಿಯುವುದುಂಟೇ? ಬಸ್ಸಲ್ಲೇ ವಾಪಸ್ಸು ಹೋಗೋಣವೆಂದು ಟೈಮಪ್ಪನವರು ಕುಂಟುತ್ತ ಸ್ಟಾಪಿಗೆ ಬಂದರು. ಆಸ್ಪತ್ರೆಯಿಂದ ಬಂದವರು ನಾಲ್ಕಾರು ಮಂದಿ ಅಲ್ಲಿದ್ದರು. ಬಸ್ಸೂ ಬಂತು, ಹೇಳಿದ ಹೊತ್ತಿಗೇ ಬಂತು. ಅವರ ಎದೆ ಉಬ್ಬಿತು. ಮುಂದಿದ್ದ ಮುದುಕರೊಬ್ಬರು ಊರುಗೋಲು ಎತ್ತಿಟ್ಟು ಹತ್ತುವಷ್ಟರಲ್ಲಿ, ಇವರು ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಡುವಷ್ಟರಲ್ಲಿ, ಬಸ್ಸು ಹೊರಟೇಬಿಟ್ಟಿತು. ಕಂಬಿ ಕೈಜಾರಿತು. ಟೈಮಪ್ಪನವರು ನೆಲಕ್ಕೆ ದೊಪ್ಪನೆ ಕೂತರು.

"ಏಯ್, ನಿಲ್ಸಯ್ಯಾ! ನಾನು ಯಾರು ಗೊತ್ತೇನಯ್ಯಾ?"

ಡ್ರೈವರು ಕಿಟಕಿಯಿಂದ ತಲೆ ಹಾಕಿದ. "ಯಾರಾದ್ರೂ ಆಗಿ ಯಜಮಾನ್ರೇ! ಇಲ್ಲಿ ನಿಂತ್ರೆ ಮುಂದಿನ ಸ್ಟಾಪಲ್ಲಿ ಲೇಟು ಅಂತ ನಂಗೆ ಮೆಮೋ. ಆಫೀಸಲ್ಲಿ ಕೂತು ಟೈಂ ಬರೀತಾನಲ್ಲ ಒಬ್ಬ ಮಹಾನುಭಾವ, ಹೋಗಿ ಅವನನ್ನ ಕೇಳಿ!"

ಆ ಮಹಾನುಭಾವ ಧೂಳಿನಲ್ಲಿ ಕೂತೇ ಇದ್ದರು. ಯಾರೋ ಒಬ್ಬಾಕೆ ನೀರು ಕೊಟ್ಟು, "ದಿನಾ ಇದೇ ಗೋಳು ಬಿಡಿ," ಎಂದಳು. ಅವರ ಮುಖ ಹುಳ್ಳಗಾಯಿತು. ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದರು.

"ಅಕ್ಕಾ, ನಾನು ಬಸ್ಸಿಂದ ಬಿದ್ದೆ."

"ಅಯ್ಯೋ ನನ್ನಪ್ಪಾ! ಎಲ್ಲೋ? ಪೆಟ್ಟಾಯ್ತೇನೋ?"

"ಏನಿಲ್ಲ. ಆಸ್ಪತ್ರೆ ಸ್ಟಾಪಲ್ಲಿ."

ಅಕ್ಕ ದನಿ ತಗ್ಗಿಸಿ, "ನಾನೂ ಅಲ್ಲೇ ಬಿದ್ದಿದ್ದು," ಎಂದಳು.

"ಯಾವಾಗ?"

"ನಿನ್ನ ಹತ್ರ ಹೇಳಿ ಬೈಸಿಕೊಂಡ ದಿವಸ. ನಿನ್ನ ಮನೆಯಿಂದ ಹೊರಟು ಬಸ್ಸು ಹತ್ತೋವಾಗ. ಮಂಡಿ ಚಿಪ್ಪು ಸೀಳಿತ್ತು, ಬಹಳ ದಿನ ಮಲಗಿದ್ದೆ."

"ಹೇಳಬಾರದಿತ್ತೇನೇ?"

"ಹೆಂಗೋ ಹೇಳ್ಲಿ? ಈ ಟೈಂಟೇಬಲ್ ಬರೆಯೋನು ನನ್ನ ತಮ್ಮ ಅಂತ ಬಸ್ಸಲ್ಲಿ ಸಿಕ್ಕಿದೋರಿಗೆಲ್ಲಾ ಹೇಳ್ಕೊಂಡು ಬರ್ತಿದ್ದೆ. ಅದರಿಂದಲೇ ಬಿದ್ದೆ ಅಂದ್ರೆ ನಿನ್ನ ಮರ್ಯಾದೆ ಏನಾಗುತ್ತೆ?"

ಟೈಮಪ್ಪನವರಿಗೆ ನಾಚಿಕೆಯಾಯಿತು, ತಡೆಯಲಾರದಷ್ಟು ನಾಚಿಕೆ. "ಅಕ್ಕಾ, ಬಸ್ಸು ಹತ್ತೋಕೆ ನಿಂಗೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು.

"ಈಗ ಕೇಳಿದೆಯಲ್ಲೋ," ಎಂದಳು ಅಕ್ಕ. ದನಿ ಒದ್ದೆಯಾಗಿತ್ತು. "ನಂಗೇನು ಗೊತ್ತು? ನಾಳೆ ನಾಲ್ಕಕ್ಕೆ ಆ ಸ್ಟಾಪಿಗೇ ಬರ್ತೀನಿ, ನೀನೇ ನೋಡ್ಕೋ."

ಮರುದಿನ ನಾಲ್ಕು ಗಂಟೆಗೆ ಟೈಮಪ್ಪನವರು ಗೋಡೆಯ ಕಾಗದ ಕಿತ್ತುಹಾಕಿ, "ಇವತ್ತು ಎಲ್ಲಾರೂ ಟೈಪಿಸ್ಟಮ್ಮನ ಹೆಜ್ಜೆಗೆ ನಡೀರಿ," ಎಂದರು. ಟೈಪಿಸ್ಟಮ್ಮ ಬೇಕೆಂದೇ ಎರಡು ಕಡೆ ಹೆಚ್ಚಿಗೆ ನಿಂತರು. ಒಂದು ಕಡೆ ಬೇಲಿಯ ಹೂವು ಮೂಸುತ್ತ ನಿಂತರು, ಇನ್ನೊಂದು ಕಡೆ ಕಾರಣವೇ ಇರಲಿಲ್ಲ. ಟೈಮಪ್ಪನವರು ತುಟಿ ಪಿಟಕ್ಕೆನ್ನದೆ ಕಾದರು.

ಸ್ಟಾಪಿನಲ್ಲಿ ಅಕ್ಕ ಆಗಲೇ ಬಂದು, ನೆರೆಮನೆಯ ಹುಡುಗಿಯ ತೋಳು ಹಿಡಿದು ನಿಂತಿದ್ದಳು. ತಲೆ ಬೆಳ್ಳಗಾಗಿತ್ತು, ಬೆನ್ನು ಬಗ್ಗಿತ್ತು. ಇಡೀ ವಿಭಾಗ ಸುತ್ತ ನೆರೆದದ್ದು ಕಂಡು, "ನಾನೇನು ಸರ್ಕಸ್ಸೇನೋ?" ಎಂದು ಗದರಿದಳು.

ಬಸ್ಸು ಬಂತು. ಉದ್ದಣ್ಣ ಹೋಗಿ ಅದರ ಮೂತಿಯೆದುರು ಕೈಕಟ್ಟಿ ನಿಂತ. ಟೈಮಪ್ಪನವರು ಫೋನಿನ ಗಡಿಯಾರ ತೆರೆದು, "ಹೂಂ ಅಕ್ಕಾ, ಹತ್ತು," ಎಂದರು.

ಅಕ್ಕ ಕಂಬಿ ಹಿಡಿದಳು. ಒಂದು ಕಾಲು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ನೋವಿಗೆ ತುಟಿ ಕಚ್ಚಿದಳು. ಇನ್ನೊಂದು ಕಾಲನ್ನು ಕೈಯಿಂದ ಎಳೆದುಕೊಂಡಳು. ಮೆಟ್ಟಿಲ ಮೇಲೆ ನಿಂತು ಉಸಿರು ಬಿಟ್ಟು, ಗೆದ್ದವಳ ಹಾಗೆ ತಿರುಗಿ ನೋಡಿದಳು.

"ಎಷ್ಟಾಯ್ತೋ?"

ಟೈಮಪ್ಪನವರು ಗಡಿಯಾರದ ಗುಂಡಿ ಒತ್ತಿರಲೇ ಇಲ್ಲ. ಎರಡೂ ಕೈ ಅಕ್ಕನ ಬೆನ್ನ ಹಿಂದೆ ಚಾಚಿಕೊಂಡು ನಿಂತಿದ್ದರು, ಕಣ್ಣು ತುಂಬಿಕೊಂಡಿತ್ತು.

"ನೋಡಲಿಲ್ಲ ಕಣೇ ಅಕ್ಕಾ," ಎಂದರು.

"ಇನ್ನೊಂದ್ಸಲ ಇಳಿದು ಹತ್ತು ಅಂದ್ರೆ ಕಾಲು ಮುರೀತೀನಿ," ಎಂದಳು ಅಕ್ಕ, ಮತ್ತೆ ಪಕ್ಕಕ್ಕೆ ಸರಿದು ಅವರಿಗೂ ಜಾಗ ಬಿಟ್ಟಳು. "ಬಾ, ಹತ್ತು. ನಮ್ಮ ಮನೆಗೆ ಹೋಗೋಣ."