ಮುಂಚೆ ಬಂದರೂ ಅಂಕ ಹೋಗುತ್ತೆ

ನನ್ನ ಮದುವೆಗೆ ನಾನು ಬಾಡಿಗೆ ಕಾರಿನಲ್ಲಿ ಹೋಗಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಆದರೆ ದೊಡ್ಡಪ್ಪನ ಕಾರಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಎರಡನೇ ಮಹಾಯುದ್ಧಕ್ಕೂ ಮೊದಲು ಬ್ರಿಟನ್ನಿನಲ್ಲಿ ತಯಾರಾದ ಕಪ್ಪು ಸಲೂನು ಮಾದರಿಯ ಕಾರು ಅದು. ಉದ್ದನೆಯ ಮೂತಿ, ಊಟದ ತಟ್ಟೆಯಷ್ಟು ಅಗಲದ ದೀಪಗಳು, ಎರಡೂ ಬದಿಗೆ ಫುಟ್‌ಬೋರ್ಡು. ಒಳಗೆ ಹಳೇ ಚರ್ಮ ಮತ್ತು ಪೆಟ್ರೋಲಿನ ವಾಸನೆ. ಆ ವಾಸನೆಗೆ ನಾನು ಈಗಲೂ ಸೋಲುತ್ತೇನೆ.

ಮೂತಿಯ ಮೇಲೆ ಕಾರು ರ‍್ಯಾಲಿಗಳ ಬಿಲ್ಲೆಗಳಿವೆ. ಆಗೆಲ್ಲ ದೊಡ್ಡಪ್ಪ ಸ್ಟೀರಿಂಗು ಹಿಡಿದರೆ, ದೊಡ್ಡಮ್ಮ ಪಕ್ಕದಲ್ಲಿ ಕೂತು ದಾರಿ ಮತ್ತು ಸ್ಟಾಪ್‌ವಾಚು ನೋಡುತ್ತಿದ್ದರು. ಅವರ ರ‍್ಯಾಲಿ ಎಂದರೆ ಎದ್ದುಬಿದ್ದು ಓಡುವುದಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಮುಟ್ಟುವುದು. ತಡವಾದರೂ ಅಂಕ ಕಳೆಯುತ್ತಾರೆ, ಮುಂಚೆ ಬಂದರೂ ಕಳೆಯುತ್ತಾರೆ. ಒಮ್ಮೆ ದೊಡ್ಡಮ್ಮ "ನಿಧಾನ, ನಿಧಾನ" ಎಂದು ಬಡಕೊಂಡರೂ ಕೇಳದೆ ದೊಡ್ಡಪ್ಪ ಒಂದು ನಿಮಿಷ ಮುಂಚೆ ಗೆರೆ ದಾಟಿ, ಕೈಗೆ ಬಂದ ಟ್ರೋಫಿ ಕಳೆದುಕೊಂಡರು. ಅಂದಿನಿಂದ ಅವರು ಎಲ್ಲಿಗೂ ಮುಂಚೆ ಹೋಗಿಲ್ಲ. ಹಲ್ಲುನೋವಿನಲ್ಲೂ ದಂತವೈದ್ಯರ ಬೀದಿಯನ್ನು ಸುತ್ತು ಹೊಡೆದ ಪುಣ್ಯಾತ್ಮ.

ಮದುವೆ ನೋಂದಣಿ ಕಚೇರಿಗೆ ಹನ್ನೊಂದೂವರೆಗೆ ಬರಹೇಳಿದ್ದರು. ಆ ದಿನ ಕಾರಿಗೆ ಅದೇನು ಬಂತೋ, ಒಂದು ಸಲವೂ ಕೆಮ್ಮದೆ ಓಡಿತು.

"ಮುಂಚೆ ಬಂದ್ಬಿಟ್ವಿ!" ಕಚೇರಿಯ ಗೇಟು ಕಂಡದ್ದೇ ದೊಡ್ಡಪ್ಪ ಬೆವರಿ, ಬೀದಿ ಸುತ್ತು ಹೊಡೆಯಲು ಕಾರನ್ನು ಹಾಗೇ ಮುಂದಕ್ಕೆ ಬಿಟ್ಟರು.

ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಹುಡುಗ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಹಿಂದೆ ಅವನನ್ನು ಮದುವೆಯಾಗಬೇಕಿದ್ದ ಒಬ್ಬಳು ಇದೇ ಗೇಟಿನವರೆಗೆ ಬಂದು, ಟ್ಯಾಕ್ಸಿಯಿಂದ ಇಳಿಯದೆ ವಾಪಸು ಹೋಗಿದ್ದಳು. ಪಾಪ, ಆ ಗಾಯ ಇನ್ನೂ ಮಾಗಿರಲಿಲ್ಲ.

ಎರಡನೇ ಸುತ್ತಿಗೆ ಅವನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ನಾನು ಕಿಟಕಿಯಿಂದ ಕೂಗಿ ಕೈ ಬೀಸಿದೆ. ಮಾತನ್ನು ಎಂಜಿನ್ ನುಂಗಿತು, ಬೀಸಿದ ಕೈ ಮಾತ್ರ ಕಂಡಿತು. ಮೂರನೇ ಸುತ್ತಿಗೆ ಅವನ ಟೈ ಗೇಟಿನ ಕಾವಲುಗಾರನ ಕೊರಳಲ್ಲಿತ್ತು, ನನ್ನ ಹುಡುಗ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದ.

"ದೊಡ್ಡಪ್ಪ, ನಿಲ್ಸಿ! ಅವನು ಹೋಗ್ತಿದಾನೆ!"

"ಇನ್ನೂ ಹೊತ್ತಿದೆಯಮ್ಮಾ. ಅಂಕ ಹೋಗುತ್ತೆ."

"ನನ್ನ ಮದುವೆಗೆ ಅಂಕ ಕೊಡೋರು ಯಾರು?"

"ಅದೇ ಭಯ. ಯಾರು ಅಂತಾನೇ ಗೊತ್ತಿಲ್ವಲ್ಲ!"

ನನಗೆ ಸಿಟ್ಟಿಗಿಂತ ಮೊದಲು ಅಳು ಬಂತು. ಮುಂದೆ ಕೂತಿದ್ದ ದೊಡ್ಡಮ್ಮ ತಿರುಗಿ ನನ್ನ ಮುಖ ನೋಡಿದರು, ಸ್ಟಾಪ್‌ವಾಚು ನೋಡಿದರು, ಅದರ ಗಾಜಿನ ಮೇಲೆ ಹೆಬ್ಬೆರಳನ್ನು ಅಡ್ಡ ಇಟ್ಟರು.

"ಹೊತ್ತಾಯ್ತು ರೀ. ಸರಿಯಾಗಿ ಈಗ. ತಿರುಗ್ಸಿ."

ಅದುವರೆಗೂ ದೊಡ್ಡಮ್ಮ ಒಂದು ಸೆಕೆಂಡಿನ ಸುಳ್ಳನ್ನೂ ಹೇಳಿದವರಲ್ಲ. ದೊಡ್ಡಪ್ಪ ತಕ್ಷಣ ಕಾರು ತಿರುಗಿಸಿ, ಬಸ್ ನಿಲ್ದಾಣದಲ್ಲಿ ನನ್ನ ಹುಡುಗನ ಮುಂದೆಯೇ ನಿಲ್ಲಿಸಿದರು. ಒಳಗೆ ಜಾಗವಿದ್ದರೂ ಅವನು ಹತ್ತಲಿಲ್ಲ. ಫುಟ್‌ಬೋರ್ಡಿನ ಮೇಲೆ ನಿಂತು, ಕಿಟಕಿಯೊಳಗೆ ಕೈಹಾಕಿ, ಕಚೇರಿ ಮುಟ್ಟುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಒಳಗೆ ಕಾಲಿಟ್ಟ ದೊಡ್ಡಪ್ಪ ಗೋಡೆ ಗಡಿಯಾರ ನೋಡಿ ಬೆಚ್ಚಿದರು.

"ಒಂದು ನಿಮಿಷ ಮುಂಚೆ," ಎಂದರು ದೊಡ್ಡಮ್ಮನಿಗೆ. "ಆವತ್ತೂ ಒಂದೇ ನಿಮಿಷ."

"ಆವತ್ತು ನೀವು ನನ್ನ ಮಾತು ಕೇಳಿರ್ಲಿಲ್ಲ."

ದೊಡ್ಡಪ್ಪ ಬಾಗಿಲ ಕಡೆ ನೋಡಿದರು. ಮತ್ತೆ ಹೊರಗೆ ಹೋಗುತ್ತಾರೇನೋ ಎಂದು ನಾನು ಅವರ ತೋಳು ಹಿಡಿದೆ. ಅಷ್ಟರಲ್ಲಿ ನೋಂದಣಿ ಅಧಿಕಾರಿ ತಲೆಯೆತ್ತಿ, "ಏನು, ಬೇಗ ಬಂದ್ಬಿಟ್ಟಿದೀರಿ?" ಎಂದರು.

ದೊಡ್ಡಪ್ಪ ದೊಡ್ಡಮ್ಮನ ಕೈಯಿಂದ ಸ್ಟಾಪ್‌ವಾಚು ತೆಗೆದು ಜೇಬಿಗೆ ಹಾಕಿಕೊಂಡರು.

"ಎಷ್ಟು ಅಂಕ ಬೇಕಾದ್ರೂ ಕಳೀರಿ ಸಾರ್," ಎಂದರು. "ಹುಡುಗಿ ಮುಟ್ಟಿದಾಳೆ."