ಮೋಡಕ್ಕೆ ಮೂರು ಮೊಳೆ

ಮಂಚದ ಕೆಳಗೆ ಅರ್ಧ ಮೈ ತೂರಿಸಿ ಹುಡುಕಿದ್ದಾಯಿತು. ಬಣ್ಣದ ಡಬ್ಬಿಗಳನ್ನೆಲ್ಲ ಸರಿಸಿ ನೋಡಿದ್ದಾಯಿತು. ಈಗ ಪೇಂಟರ ಹೆಂಡತಿ ಬೀರುವಿನೊಳಗಿನ ಹೊದಿಕೆಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಹಾಕುತ್ತಿದ್ದಳು. ಮೋಡ ಮಾತ್ರ ಎಲ್ಲೂ ಇರಲಿಲ್ಲ.

“ಸಾಕು ಮಾಡಮ್ಮ,” ಎಂದಳು ಮಗಳು, ಬಾಗಿಲಲ್ಲಿ ನಿಂತು. “ಗಾಡಿ ಬಂದು ಅರ್ಧ ಗಂಟೆ ಆಯ್ತು. ಅಪ್ಪನ್ನ ಹೊರಗೆ ಮಲಗಿಸಿ ನೀನು ಒಳಗೆ ತಗಡು ಹುಡುಕ್ತಾ ಕೂತಿದ್ರೆ ನೋಡಿದೋರು ಏನಂದ್ಕೋತಾರೆ?”

“ಏನಾದ್ರೂ ಅಂದ್ಕೊಳ್ಲಿ. ಅದಿಲ್ಲದೆ ಚರ್ಚಿನ ಹಲಗೆ ಬೋಳಾಗಿ ಕಾಣತ್ತೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟವರಲ್ಲ ನಿಮ್ಮಪ್ಪ. ಇವತ್ತು ಬಿಡ್ಲಾ?”

ಮಗಳು ಹಣೆ ಚಚ್ಚಿಕೊಂಡು ಹೊರಗೆ ಹೋದಳು. ಪೇಂಟರು ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಷೂ ಲೇಸು ಕಟ್ಟಿಕೊಳ್ಳುತ್ತಿದ್ದವರು ಹಾಗೆಯೇ ಮುಂದಕ್ಕೆ ಬಾಗಿದರು, ಮತ್ತೆ ಏಳಲಿಲ್ಲ. ಈಗ ಅಂಗಳದಲ್ಲಿ, ಪೆಟ್ಟಿಗೆಯೊಳಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಲಗಿದ್ದರು. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದಿಷ್ಟು ಕೆಂಪು ಬಣ್ಣ ಉಳಿದಿತ್ತು. ಬೆಳಿಗ್ಗೆ ಮಗಳು ಅದನ್ನು ಟರ್ಪೆಂಟೈನ್ ಹಚ್ಚಿ ಉಜ್ಜಲು ಹೋದಾಗ ಆಕೆ ಕೈ ಹಿಡಿದು ತಡೆದಿದ್ದಳು. “ಇರ್ಲಿ ಬಿಡೇ. ಉಗುರಲ್ಲಿ ಬಣ್ಣ ಇಲ್ಲದೆ ಅವರನ್ನ ನಾನು ಒಂದು ದಿನಾನೂ ನೋಡಿಲ್ಲ. ಅಲ್ಲಿ ಗುರುತು ಸಿಗ್ಬೇಕಲ್ಲ.”

ಅಲ್ಲಿ ಎಂದರೆ ಎಲ್ಲಿ ಎಂದು ಮಗಳು ಕೇಳಲಿಲ್ಲ. ಕೇಳಿದ್ದರೆ ಆಕೆಗೂ ಹೇಳಲು ಬರುತ್ತಿರಲಿಲ್ಲ. ನಿನ್ನೆಯಿಂದ ಆಕೆಯ ತಲೆ ಕೆಡಿಸಿದ್ದೇ ಅದು. ಈಗ ಇವರು ಎಲ್ಲಿದ್ದಾರೆ, ಮತ್ತೆ ನೋಡುವುದು ಯಾವಾಗ, ಅದಕ್ಕೆ ಇನ್ನೆಷ್ಟು ದೂರ?

“ಅತ್ತಿಗೇ,” ಹೊರಗಿನಿಂದ ಬಡಗಿ ಕೂಗಿದ. ಪೆಟ್ಟಿಗೆ ಮಾಡಿದವನು ಅವನೇ, ಪೇಂಟರ ಹಳೆಯ ಸ್ನೇಹಿತ. “ಇಲ್ಲಿ ಬನ್ನಿ. ಸ್ವಲ್ಪ ತಲೆ ಎತ್ತಿ ನೋಡಿ.”

ಬಟ್ಟೆ ಒಣಗಿಸುವ ತಂತಿಯಲ್ಲಿ, ಒಂದು ಟವೆಲಿಗೂ ಒಂದು ಲಂಗಕ್ಕೂ ನಡುವೆ, ಎರಡು ಕ್ಲಿಪ್ಪು ಹಾಕಿಸಿಕೊಂಡು ಮೋಡ ನೇತಾಡುತ್ತಿತ್ತು. ಊಟದ ತಟ್ಟೆಗಿಂತ ಚೂರು ದೊಡ್ಡದಾದ ತಗಡು. ಬಿಳಿಯ ಮೇಲೆ ಹನ್ನೊಂದು ಜನ ಮೇಲಕ್ಕೆ ಏರುತ್ತಿದ್ದರು, ಎಲ್ಲರ ಬೆನ್ನು ಮಾತ್ರ ಕಾಣುವ ಹಾಗೆ. ಮುಖ ಬರೆಯುವುದು ಪೇಂಟರಿಗೆ ಬರುತ್ತಿರಲಿಲ್ಲ.

“ನಿನ್ನೆಯಿಂದ ನೂರು ಜನ ಇದರ ಕೆಳಗೇ ಓಡಾಡಿದ್ದಾರೆ,” ಎಂದ ಬಡಗಿ. “ಎಲ್ರೂ ನೆಲ ನೋಡ್ಕೊಂಡೇ ಅತ್ತಿದ್ದೀವಿ.”

ಆಕೆ ನಕ್ಕಳು. ನಕ್ಕಿದ್ದಕ್ಕೆ ತಾನೇ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೋಡವನ್ನು ಕೈಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದಳು.

*

ಮದುವೆಯಾದ ವರ್ಷ ಬರೆದ ಹಲಗೆ ಅದು. ಹನ್ನೆರಡು ಅಡಿ ಉದ್ದ, ಚರ್ಚಿನ ಮುಂದಿನ ಗೋಡೆಯ ತುಂಬ. ಲೋಕದ ಕೊನೆ ಹೇಗಾಗುತ್ತದೆ ಎಂದು ಪ್ರವಾದಿಗಳು ಹೇಳಿದ್ದೆಲ್ಲ ಒಂದೇ ಕಡೆ ಕಾಣುವ ಹಾಗೆ ಬರೆದುಕೊಡು ಎಂದು ಆಗಿನ ಪಾಸ್ಟರು ಕೇಳಿದ್ದರು. ಎಡಗಡೆ ಶಿಲುಬೆ. ಅಲ್ಲಿಂದ ಹೊರಟ ಒಂದು ಉದ್ದನೆಯ ದಾರಿ. ದಾರಿಯ ಕೆಳಗೆ ಒಂದು ಪುಟ್ಟ ಕೆಂಪು ಬಾಣ, ಪಕ್ಕದಲ್ಲಿ ‘ಈಗ’ ಎಂಬ ಎರಡಕ್ಷರ. ಮುಂದೆ ಏಳು ವರ್ಷದ ಮಹಾಸಂಕಟ, ಬೆಂಕಿ, ಏಳು ತಲೆಯ ಮೃಗ. ಆಮೇಲೆ ಸಾವಿರ ವರ್ಷದ ಆಳ್ವಿಕೆ. ಕೊನೆಯಲ್ಲಿ ಬಿಳಿ ಸಿಂಹಾಸನ, ಬಂಗಾರದ ಪಟ್ಟಣ.

ಎಲ್ಲ ಸರಿಹೋಯಿತು, ಮೋಡ ಒಂದನ್ನು ಬಿಟ್ಟು. ಸತ್ತ ಭಕ್ತರು ಎದ್ದು ಕರ್ತನನ್ನು ಎದುರುಗೊಳ್ಳಲು ಆಕಾಶಕ್ಕೆ ಹೋಗುವುದು ಯಾವಾಗ? ಸಂಕಟಕ್ಕೆ ಮೊದಲೇ ಎಂದರು ಪಾಸ್ಟರು. ಸಂಕಟ ಮುಗಿದ ಮೇಲೆ ಎಂದರು ಸಭೆಯ ಹಿರಿಯರೊಬ್ಬರು. ಸಾವಿರ ವರ್ಷ ಅನ್ನುವುದೇ ಒಂದು ಹೋಲಿಕೆ, ಈಗ ನಡೆಯುತ್ತಿರುವುದೇ ಅದು, ಆಗುವುದೆಲ್ಲ ಒಂದೇ ಸಲ ಕೊನೆಗೆ ಎಂದರು ಇನ್ನೊಬ್ಬರು. ಮೂರು ತಿಂಗಳು ಹಲಗೆ ಗೋಡೆ ಹತ್ತಲಿಲ್ಲ.

ಪೇಂಟರು ಪ್ರವಾದನೆ ಓದಿಕೊಂಡವರಲ್ಲ. ಆದರೆ ಅಂಗಡಿ ಬೋರ್ಡು ಬರೆದು ಬರೆದು ಅವರಿಗೆ ಒಂದು ವಿಷಯ ಗೊತ್ತಿತ್ತು, ಮಾಲೀಕರು ಬದಲಾಗುತ್ತಾರೆ. ಮೋಡವನ್ನು ತಗಡಿನಲ್ಲಿ ಕತ್ತರಿಸಿ, ಬೆನ್ನಿಗೆ ಒಂದು ಬಳೆ ಕೂರಿಸಿ, ಹಲಗೆಯ ಮೇಲೆ ಆ ಮೂವರು ಹೇಳಿದ ಮೂರು ಕಡೆ ಮೊಳೆ ಹೊಡೆದರು. “ಎಲ್ಲಿ ಬೇಕೋ ಅಲ್ಲಿ ನೇತುಹಾಕ್ಕೊಳ್ಳಿ,” ಎಂದರು.

ಆಮೇಲೆ ಎಷ್ಟೋ ಪಾಸ್ಟರು ಬಂದರು, ಹೋದರು. ಬಂದವರೆಲ್ಲ ಮೊದಲ ತಿಂಗಳು ಮೋಡವನ್ನು ತಮ್ಮ ಮೊಳೆಗೆ ಹಾಕಿಸುತ್ತಿದ್ದರು. ಹೆಂಡತಿ ಕೇಳುತ್ತಿದ್ದಳು, “ಯಾವುದು ಸರಿ ರೀ?”

“ಬಣ್ಣ ಒಣಗ್ಲಿ, ನೋಡೋಣ,” ಎನ್ನುತ್ತಿದ್ದರು ಪೇಂಟರು. ಮಗಳಿಗೆ ಗಂಡು ನೋಡಲು ಹೋದಾಗಲೂ ಅದೇ ಮಾತು, ಸೂರು ಸೋರಿದಾಗಲೂ ಅದೇ ಮಾತು. ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

*

ಚರ್ಚಿನಲ್ಲಿ ಪೆಟ್ಟಿಗೆಯನ್ನು ಹಲಗೆಯ ಕೆಳಗೆ ಇಟ್ಟಿದ್ದರು. ಮೋಡವಿಲ್ಲದ ಆಕಾಶದಲ್ಲಿ ಮೂರು ಮೊಳೆ, ಒಂದೊಂದು ಮೊಳೆಯ ಸುತ್ತ ಮೋಡದ ಆಕಾರದಲ್ಲಿ ಮಾಸದೆ ಉಳಿದ ನೀಲಿ.

ಹೊಸ ಪಾಸ್ಟರು ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೋಡವನ್ನು ನಡುವಿನ ಮೊಳೆಗೆ ಹಾಕಿ ಎಂದು ಅವರು ಹೇಳಿದ್ದಕ್ಕೆ, ಹಾಗೇ ಚೂರು ಬಣ್ಣ ಹಚ್ಚಿ ತರುತ್ತೇನೆಂದು ಪೇಂಟರು ಅದನ್ನು ಮನೆಗೆ ಒಯ್ದಿದ್ದರು. ಹಚ್ಚಿದ್ದು ಮೊನ್ನೆ. ಈಗ ಆಕೆ ಕೈಚೀಲದಿಂದ ಅದನ್ನು ತೆಗೆದದ್ದೇ ಹೊಸ ಪಾಸ್ಟರು ಕೈ ಚಾಚಿದರು.

“ಕೊಡಿ ಅಮ್ಮ, ನಡುವಿನ ಮೊಳೆಗೆ ಹಾಕಿಬಿಡ್ತೀನಿ.”

“ಕೊನೇದಕ್ಕೆ ಹಾಕಪ್ಪ,” ಎಂದು ಪಕ್ಕದ ಕುರ್ಚಿಯಿಂದ ಧ್ವನಿ ಬಂತು. ಹಲಗೆ ಬರೆಸಿದ ಹಳೇ ಪಾಸ್ಟರು. ವಯಸ್ಸು ಎಂಬತ್ತೈದು ದಾಟಿತ್ತು. ಯಾರೋ ಕೈ ಹಿಡಿದು ಕರೆತಂದಿದ್ದರು. “ಎಲ್ಲ ಒಂದೇ ಸಲ. ಕೊನೇಲಿ.”

ಆಕೆ ತಿರುಗಿ ನೋಡಿದಳು. “ಅಯ್ಯನೋರೇ, ನೀವು ಮೊದಲನೇ ಮೊಳೆಯವರಲ್ವಾ?”

“ಆಗಿದ್ದೆ ತಂಗಿ. ನಿವೃತ್ತಿ ಆದ ಮೇಲೆ ಬಿಡುವು ಸಿಕ್ತು, ಮತ್ತೆ ಮೊದಲಿಂದ ಓದಿದೆ. ಆಗ ನಾನು ಅವಸರ ಮಾಡಿದ್ದೆ ಅನ್ನಿಸ್ತು.”

“ಹಾಗಾದ್ರೆ ನಮ್ಮ ಪುಟ್ಟನ ಮಣ್ಣಿನ ದಿನ ನನಗೆ ಹೇಳಿದ್ದು?”

ಹಳೇ ಪಾಸ್ಟರು ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ನಂಬಿದ್ದನ್ನೇ ಹೇಳಿದ್ದೆ.”

“ಈಗ?”

“ಈಗಲೂ ನಂಬಿದ್ದನ್ನೇ ಹೇಳ್ತಿದ್ದೀನಿ.”

ಆಕೆಗೆ ಸಿಟ್ಟು ಬರಬೇಕಿತ್ತು. ಮುದುಕರ ಗದ್ದ ನಡುಗುತ್ತಿದ್ದುದನ್ನು ನೋಡಿ ಅದೂ ಬರಲಿಲ್ಲ. ಹೊಸ ಪಾಸ್ಟರ ಕಡೆ ತಿರುಗಿದಳು. “ನೀವಾದ್ರೂ ಹೇಳಿ. ಈಗ, ಈ ಹೊತ್ತಿಗೆ, ನಮ್ಮನೆಯವರು ಎಲ್ಲಿದ್ದಾರೆ?”

“ನಿದ್ರೆಯಲ್ಲಿದ್ದಾರೆ ಅಮ್ಮ. ಕೊನೇ ದಿನದ ತುತ್ತೂರಿ ಊದೋವರೆಗೆ.”

“ಇಲ್ಲ ಇಲ್ಲ, ಆತ್ಮ ಆಗಲೇ ಕರ್ತನ ಹತ್ರ ಹೋಗಿದೆ,” ಎಂದರು ಹಳೇ ಪಾಸ್ಟರು.

“ಒಬ್ಬರು ಮಲಗಿದ್ದಾರೆ ಅಂತೀರಿ, ಇನ್ನೊಬ್ಬರು ಆಗಲೇ ಹೋಗಿ ಕೂತಿದ್ದಾರೆ ಅಂತೀರಿ. ಪುಟ್ಟ ಎದ್ದು ಅಪ್ಪನ್ನ ನೋಡಿದ್ನೋ ಇಲ್ವೋ, ಅದನ್ನ ಹೇಳಿ. ನನಗೆ ಬೇರೇನೂ ಬೇಡ.”

ಮಗಳು ಬಂದು ತಾಯಿಯ ತೋಳು ಹಿಡಿದಳು. ಈಗ ಇಬ್ಬರು ಪಾಸ್ಟರೂ ಅವಳಷ್ಟೇ ದಿಕ್ಕು ತೋಚದವರ ಹಾಗೆ ಕಂಡರು.

*

ಪುಟ್ಟನಿಗೆ ಆಗ ನಾಲ್ಕು ವರ್ಷ. ಮೂರು ದಿನದ ಜ್ವರ. ಮೂವತ್ತೆರಡು ವರ್ಷಗಳ ಹಿಂದೆ, ಮಣ್ಣು ಹಾಕಿದ ಮೇಲೆ ಪಾಸ್ಟರು ಆಕೆಯ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು, “ಅಳಬೇಡ ತಂಗಿ. ಈ ಮಣ್ಣು ಆರೋದ್ರೊಳಗೆ ತುತ್ತೂರಿ ಕೇಳಬಹುದು. ಮಗು ನಿನ್ನ ಕೈ ಸೇರತ್ತೆ.”

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಆಕೆ ಹಲಗೆಯ ಹತ್ತಿರ ಹೋದಳು. ಕೆಂಪು ಬಾಣಕ್ಕೆ ಹೆಬ್ಬೆರಳಿಟ್ಟು, ಮೊದಲ ಮೊಳೆಯಲ್ಲಿ ತೂಗುತ್ತಿದ್ದ ಮೋಡದವರೆಗೆ ಗೇಣು ಹಾಕಿದಳು. ಒಂದು, ಎರಡು, ಮೂರು. ಸರಿಯಾಗಿ ಮೂರು ಗೇಣು. ನಂಬಿಕೆಯಾಗದೆ ಮತ್ತೆ ಅಳೆದಳು.

“ಏನು, ಮೋಡಕ್ಕೆ ರವಿಕೆ ಹೊಲಿಸ್ತೀಯಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಹೆಂಗಸರು ನಕ್ಕರು. ಅವರಿಗೇನೂ ಕೆಟ್ಟ ಮನಸ್ಸಿರಲಿಲ್ಲ, ಆಕೆ ಯಾಕೆ ಅಳೆಯುತ್ತಿದ್ದಾಳೆಂದು ಹೊಳೆದಿರಲಿಲ್ಲ ಅಷ್ಟೆ. ಅಂದಿನಿಂದ ಆಕೆ ಕಟ್ಟಕಡೆಯ ಬೆಂಚಿನಲ್ಲಿ ಕೂರತೊಡಗಿದಳು. ಹಲಗೆಯ ಹತ್ತಿರ ಮತ್ತೆ ಹೋಗಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದ್ದಳು, “ಮೂರು ಗೇಣು ಇದೆ ರೀ. ಅಷ್ಟು ದೂರ ನನ್ನ ಕೈಲಾಗಲ್ಲ.”

ಪೇಂಟರು ಆಕೆಯ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅಂದದ್ದು ಅದೇ, “ಬಣ್ಣ ಒಣಗ್ಲಿ, ನೋಡೋಣ.” ಆಕೆ ಒಂದು ವಾರ ಅವರ ಜೊತೆ ಮಾತಾಡಲಿಲ್ಲ.

ಅದಕ್ಕಿಂತ ನೋಯಿಸಿದ್ದು ಇನ್ನೊಂದಿತ್ತು. ವರ್ಷಾ ವರ್ಷಾ ಪುಟ್ಟ ಹೋದ ದಿನ ಬಂದಾಗ ಆಕೆ ಮನೆಯಲ್ಲಿ ಅವನ ಅಂಗಿ ಹರವಿಕೊಂಡು ಅಳುತ್ತಿದ್ದರೆ, ಪೇಂಟರು ಒಂದು ಚಿಕ್ಕ ಡಬ್ಬಿ, ಒಂದು ಸಣ್ಣ ಬ್ರಷ್ಷು ತೆಗೆದುಕೊಂಡು ಚರ್ಚಿಗೆ ಹೊರಡುತ್ತಿದ್ದರು. “ಹಲಗೇಲಿ ಚೂರು ಬಣ್ಣ ಹೋಗಿದೆ,” ಎನ್ನುತ್ತಿದ್ದರು. ಮೊನ್ನೆಯೂ ಅದೇ ದಿನ, ಅದೇ ಡಬ್ಬಿ. ಮೊನ್ನೆ ಆಕೆಗೆ ತಡೆಯಲಾಗಲಿಲ್ಲ.

“ಮಗ ಹೋದ ದಿನಾನೂ ನಿಮಗೆ ಬಣ್ಣಾನೇ ಹೆಚ್ಚಾ? ನಿಮಗೆ ಎದೆ ಅನ್ನೋದು ಇದ್ಯಾ?”

ಪೇಂಟರು ಬಾಗಿಲಲ್ಲಿ ಒಂದು ಕ್ಷಣ ನಿಂತರು. ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಿಕೊಂಡು ಹೋದರು. ಮರುದಿನ ಬೆಳಿಗ್ಗೆ ಲೇಸು ಕಟ್ಟಲು ಬಾಗುವವರೆಗೂ ಆಕೆ ಮುಖ ಕೊಟ್ಟು ಮಾತಾಡಿರಲಿಲ್ಲ.

*

“ಸ್ಟೂಲು ಕೊಡಪ್ಪ,” ಎಂದಳು ಆಕೆ ಬಡಗಿಗೆ.

“ಅಮ್ಮಾ, ಬಿದ್ದುಗಿದ್ದೀಯ,” ಎಂದಳು ಮಗಳು.

“ಬೀಳಲ್ಲ. ಹಿಡ್ಕೊ.”

ಬಡಗಿ ಸ್ಟೂಲು ತಂದಿಟ್ಟು ಒಂದು ಕಾಲು ಒತ್ತಿ ಹಿಡಿದ. ಆಕೆ ಹತ್ತಿದಳು. ನಡುವಿನ ಮೊಳೆ ಹೊಸ ಪಾಸ್ಟರದು, ಕೊನೆಯದು ಹಳೇ ಪಾಸ್ಟರದು. ಮೊದಲನೆಯದಕ್ಕೆ ಈಗ ಯಾರೂ ವಾರಸುದಾರರಿರಲಿಲ್ಲ. ಆಕೆ ಮೋಡವನ್ನು ಅದಕ್ಕೇ ಹಾಕಿದಳು. ಪುಟ್ಟ ಹೋದಾಗ ಅದು ಇದ್ದದ್ದು ಅಲ್ಲೇ. ಇಬ್ಬರು ಪಾಸ್ಟರೂ ಏನೋ ಹೇಳಲು ಬಾಯಿ ತೆರೆದರು, ಹಳೇ ಪಾಸ್ಟರೇ ಕೈಯೆತ್ತಿ ಹೊಸಬರನ್ನು ಸುಮ್ಮನಿರಿಸಿದರು.

ಇಳಿಯಬೇಕೆಂದುಕೊಂಡವಳು ಇಳಿಯಲಿಲ್ಲ. ಕೈ ತಾನಾಗಿಯೇ ಹಲಗೆಯ ಎಡಕ್ಕೆ, ಮೂರು ಗೇಣು ಆಚೆ, ಕೆಂಪು ಬಾಣ ಇರಬೇಕಾದ ಕಡೆ ಹೋಯಿತು. ಬಾಣ ಅಲ್ಲಿರಲಿಲ್ಲ.

“ಬಾಣ ಎಲ್ಲಿ?” ಎಂದಳು. “ಇಲ್ಲೊಂದು ಬಾಣ ಇತ್ತಲ್ಲ.”

“ಇದೆಯಲ್ಲಮ್ಮ, ಅಲ್ಲೇ, ನಿನ್ನ ಮೂಗಿನ ಮುಂದೆ,” ಎಂದಳು ಮಗಳು. “ನಾನು ನೋಡಿದಾಗಿಂದ ಅಲ್ಲೇ ಎಲ್ಲೋ ಇದೆ.”

ಬಾಣ ಇತ್ತು. ಪಕ್ಕದಲ್ಲಿ ‘ಈಗ’ ಎಂದೂ ಇತ್ತು. ಆದರೆ ಅದು ನಡೆದು ಬಂದಿತ್ತು. ಮೋಡದ ಹತ್ತಿರ ಬಂದು ನಿಂತಿತ್ತು.

ಮೂರು ಗೇಣು ದೂರದಲ್ಲಿ, ಖಾಲಿ ಕಂಡ ಜಾಗದ ಮೇಲೆ, ಆಕೆ ಬೆರಳಾಡಿಸಿದಳು. ಕಣ್ಣಿಗೆ ಬರೀ ದಾರಿಯ ಕಂದು ಬಣ್ಣ. ಬೆರಳಿಗೆ ಸಣ್ಣದೊಂದು ಉಬ್ಬು ಸಿಕ್ಕಿತು. ಬಣ್ಣ ಬಳಿದು ಮುಚ್ಚಿದ ಹಳೆಯ ಬಾಣ. ಒಂದು ಬೆರಳಿನ ಅಗಲ ಬಲಕ್ಕೆ ಇನ್ನೊಂದು. ಅಲ್ಲಿಂದ ಒಂದು ಬೆರಳಿಗೆ ಮತ್ತೊಂದು. ಕಣ್ಣು ಕಾಣದವರು ಓದುವ ಹಾಗೆ ಆಕೆ ತಡವುತ್ತಾ ಬಂದಳು. ಹತ್ತು, ಹದಿನೈದು, ಇಪ್ಪತ್ತು. ಸ್ಟೂಲು ಸಾಲದೆ ಬಂದಾಗ ಬಡಗಿ ಅದನ್ನು ಆಕೆಯ ಸಮೇತ ಚೂರು ಚೂರೇ ಸರಿಸಿದ.

“ವರ್ಷಕ್ಕೊಂದ್ಸಲ ಬಂದು ಒಂದು ತುಂಡು ಸ್ಯಾಂಡ್‌ಪೇಪರ್ ಇಸ್ಕೊಂಡು ಹೋಗ್ತಿದ್ದ,” ಎಂದ ಅವನು ತಗ್ಗಿದ ಧ್ವನಿಯಲ್ಲಿ. “ಯಾಕೋ ಅಂದ್ರೆ, ಪಾಸ್ಟರುಗಳ ಕೆಲಸ ನನಗೆ ಬೇಡ, ನನ್ನ ಕೆಲಸ ಒಂದು ಬೆರಳಷ್ಟು ಇದೆ ಅಂತಿದ್ದ. ನನಗೆ ತಲೆಬುಡ ಗೊತ್ತಾಗ್ಲಿಲ್ಲ ಅತ್ತಿಗೆ.”

ಮೃಗಕ್ಕೆ ಏಳು ತಲೆಯೋ ಎಂಟೋ ಎಂದು ಎಣಿಸಿದವರಿದ್ದರು. ಮೋಡದ ವಿಷಯಕ್ಕೆ ಜಗಳವಾಡಿ ಸಭೆ ಬಿಟ್ಟು ಹೋದವರಿದ್ದರು. ಬಾಣದ ಕಡೆ ಮೂವತ್ತೆರಡು ವರ್ಷ ಯಾರೂ ನೋಡಿರಲಿಲ್ಲ. ಆಕೆಯೂ ನೋಡಿರಲಿಲ್ಲ, ಆ ಕಟ್ಟಕಡೆಯ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. “ನಿಮ್ಮನ್ನ ಏನೇನಂದ್ಬಿಟ್ಟೆ ರೀ,” ಎಂದಳು, ಹಲಗೆಗೆ ಹಣೆ ಒತ್ತಿ.

“ಅಮ್ಮಾ, ಏನಮ್ಮಾ ಅದು?” ಮಗಳು ಕೆಳಗಿನಿಂದ ಕೇಳುತ್ತಲೇ ಇದ್ದಳು. ಹೊಸ ಪಾಸ್ಟರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. ಏನಾಗುತ್ತಿದೆಯೆಂದು ಯಾರಿಗೂ ತಿಳಿಯಲಿಲ್ಲ.

ಆಕೆ ಕಣ್ಣೊರೆಸಿಕೊಂಡು ಎಡಗೈ ಚಾಚಿದಳು. ಗೇಣು ಹಾಕಲು ಹೆಬ್ಬೆರಳು ಬಿಡಿಸಿದಳು, ಅಷ್ಟು ಬೇಕಾಗಲಿಲ್ಲ. ಹೆಬ್ಬೆರಳು ಮಡಚಿ ಉಳಿದ ನಾಲ್ಕು ಬೆರಳನ್ನು ಒಟ್ಟಿಗೆ ಸೇರಿಸಿ ಹಲಗೆಯ ಮೇಲೆ ಇಟ್ಟಳು. ಒಂದು ಕಡೆ ತೋರುಬೆರಳಿಗೆ ಮೋಡದ ತಗಡು ತಣ್ಣಗೆ ತಾಕಿತು. ಇನ್ನೊಂದು ಕಡೆ ಕಿರುಬೆರಳು ಬಾಣಕ್ಕೆ ತಾಕಿತು.

ಕೈ ತೆಗೆದು ನೋಡಿಕೊಂಡಾಗ ಕಿರುಬೆರಳಿನ ಅಂಚಿಗೆ ಕೆಂಪು ಅಂಟಿತ್ತು. ಬಣ್ಣ ಇನ್ನೂ ಒಣಗಿರಲಿಲ್ಲ.