ಸೂಪ್ ತಾತನ ಮಗಳು

ಗಂಟು ಬಿಗಿಯಾಗಿತ್ತು. ಮಗಳು ಅಪ್ಪನ ಸೊಂಟದ ಕೆಳಗೆ ಕೈ ತೂರಿಸಿ ಏಪ್ರನ್ನಿನ ದಾರ ಬಿಚ್ಚಲು ಹೆಣಗುತ್ತಿದ್ದಳು. ಅದರ ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಾನೂ ಬೀದಿಯಲ್ಲಿದ್ದೆ’ ಎಂದು ಬರೆದಿತ್ತು. ಆಸ್ಪತ್ರೆಯಿಂದ ಹೆಣ ನೇರವಾಗಿ ಅವನು ಕೆಲಸ ಮಾಡುತ್ತಿದ್ದ ಹೋಟೆಲಿಗೆ ಬಂದಿತ್ತು. ಊಟದ ಮೇಜು ಎರಡನ್ನು ಜೋಡಿಸಿ ಪೆಟ್ಟಿಗೆ ಇಟ್ಟಿದ್ದರು. ಅವಳು ಮನೆಯಿಂದ ಇಸ್ತ್ರಿಯ ಅಂಗಿ ತರುವಷ್ಟರಲ್ಲಿ ಯಾರೋ ಇದನ್ನು ತೊಡಿಸಿಯಾಗಿತ್ತು.

“ಅದು ಇರಲಿ ಬಿಡಮ್ಮ,” ಅಂದ ಹೋಟೆಲಿನ ಯಜಮಾನ. “ಜನ ಅವರನ್ನ ಅದರಲ್ಲೇ ನೋಡಿರೋದು.”

“ನಾನು ನೋಡಿರೋದು ಅಂಗೀಲಿ.”

ಯಜಮಾನನದು ಬೆಣ್ಣೆಯಲ್ಲಿ ಕೂದಲು ತೆಗೆಯುವ ನಾಲಿಗೆ. “ಕೋಪ ಮಾಡ್ಕೋಬೇಡ. ಹೊರಗೆ ಗಿರಾಕಿಗಳು ನಿಂತಿದಾರೆ. ಅವರ ಲೆಕ್ಕದಲ್ಲಿ ನಿಮ್ಮಪ್ಪ ಸೂಪ್ ತಾತ, ಅವರಿಗೆ ಯಾರೂ ಇಲ್ಲ. ಈಗ ಮಗಳು ಅಂತ ನೀನು ಎದುರು ನಿಂತ್ರೆ, ಇಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತಾರೆ. ನಾಳೆಯಿಂದ ಯಾರು ಒಳಗೆ ಕಾಲಿಡ್ತಾರೆ? ಹಿಂದಿನ ಗಲ್ಲೀಲಿ ತಟ್ಟೆ ಹಿಡ್ಕೊಂಡು ಕೂರೋರ ಗತಿ ಏನು, ಹೇಳು.”

“ಹಾಗಾದ್ರೆ ನಾನು ಎಲ್ಲಿ ನಿಲ್ಲಲಿ?”

“ಗಿರಾಕಿಗಳ ಜೊತೆ ನಿಂತ್ಕೊ. ಯಾರು ಕೇಳ್ತಾರೆ?”

ಹೆತ್ತಪ್ಪನ ಹೆಣದ ಮುಂದೆ ಗಿರಾಕಿಯಾಗಿ ನಿಲ್ಲಬೇಕಂತೆ! ಮಗಳಿಗೆ ಮೈಯೆಲ್ಲ ಉರಿಯಿತು. ಇವತ್ತೊಂದು ದಿನವಾದರೂ ನಾಲ್ಕು ಜನರ ಎದುರು ಅವನ ಮಗಳು ಅನ್ನಿಸಿಕೊಳ್ಳಬೇಕು ಎಂದೇ ಅವಳು ಬಂದದ್ದು.

*

ಆ ಹೋಟೆಲಿನ ಪದ್ಧತಿಯೇ ಹಾಗೆ. ಒಳಗೆ ಒಬ್ಬರು ಉಂಡರೆ ಹಿಂದಿನ ಗಲ್ಲಿಯಲ್ಲಿ ಮನೆಯಿಲ್ಲದವರೊಬ್ಬರಿಗೆ ಊಟ. ಬಡಿಸುವವರೂ ಒಂದು ಕಾಲಕ್ಕೆ ಬೀದಿಯಲ್ಲಿ ಮಲಗಿದವರೇ. ಸೂಪು ಇಟ್ಟು, ಅದು ಆರುವಷ್ಟರಲ್ಲಿ ತಮ್ಮ ಕತೆ ಹೇಳಬೇಕು. ಗಿರಾಕಿಗಳು ಚಪ್ಪಾಳೆ ತಟ್ಟಿ ಚಮಚ ಎತ್ತುತ್ತಾರೆ.

ಅವಳಿನ್ನೂ ಶಾಲೆಗೆ ಹೋಗುತ್ತಿದ್ದಾಗ, ಅಪ್ಪ ಮರೆತು ಬಿಟ್ಟ ಕನ್ನಡಕ ಕೊಡಲು ಒಮ್ಮೆ ಹಿಂಬಾಗಿಲಿಂದ ಹೋಗಿದ್ದಳು. ಅಡುಗೆಮನೆಯ ಪರದೆಯಾಚೆ ಅಪ್ಪನ ದನಿ ಕೇಳಿಸಿತು. “ಬೀದೀಲೇ ಜ್ವರ ಬಂತು. ನನ್ನ ಮಡಿಲಲ್ಲೇ ಹೋಯ್ತು ಮಗು. ಐದು ವರ್ಷ.”

ರಾತ್ರಿ ಅಪ್ಪ ತಂದ ಬ್ರೆಡ್ಡನ್ನು ಅವಳು ಮುಟ್ಟಲಿಲ್ಲ. “ಸತ್ತವಳಿಗೆ ಯಾಕೆ ಊಟ?”

ಅಪ್ಪ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. “ಮೊದಮೊದಲು ನಿಜವನ್ನೇ ಹೇಳ್ದೆ ಕಣಮ್ಮ. ಮಗಳಿದಾಳೆ ಅಂದ್ರೆ, ‘ಮಗಳನ್ನ ಇಟ್ಕೊಂಡು ಬೀದಿಗೆ ಯಾಕೆ ಬಿದ್ದೆ, ಕುಡೀತಿದ್ಯಾ’ ಅಂತಿದ್ರು. ಸತ್ತೋದಳು ಅಂದೆ, ಮತ್ತೆ ಯಾರೂ ಏನೂ ಕೇಳಲಿಲ್ಲ.”

“ನಾನು ಬೀದೀಲಿ ಇರಲೇ ಇಲ್ವಲ್ಲಪ್ಪ. ಚಿಕ್ಕಮ್ಮನ ಮನೇಲಿದ್ದೆ.”

“ಹ್ಞೂಂ. ಈಗ ಆ ಸತ್ತವಳೇ ನಿನ್ನನ್ನ ಓದಿಸ್ತಿದಾಳೆ. ತಿನ್ನು.”

ತಿಂದಳು. ಹಸಿವೆಗೆ ಮಾನ ಎಲ್ಲಿದೆ? ಆದರೆ ಅಂದಿನಿಂದ ಅಪ್ಪ ಕೆಲಸಕ್ಕೆ ಹೊರಟಾಗಲೆಲ್ಲ, ಇವತ್ತು ಎಷ್ಟು ಸಲ ಸಾಯುತ್ತೇನೋ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಆ ಹೋಟೆಲಿಗೆ ಅವಳು ಮತ್ತೆ ಹೋಗಲಿಲ್ಲ, ಅವನೂ ಕರೆಯಲಿಲ್ಲ.

*

“ಬಿಡು ತಾಯಿ,” ಅಂದಳು ಅಡುಗೆಯವಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. “ನಾನೂ ಬಡಿಸುವಾಗ ಕತೇಲಿ ನನ್ನ ಗಂಡನ್ನ ದಿನಾ ಕುಡುಕ ಮಾಡ್ತೀನಿ. ಪಾಪ, ಅವನು ಸಿಗರೇಟೂ ಮುಟ್ಟಿದವನಲ್ಲ. ಹೊಟ್ಟೆಪಾಡು.”

“ನಿಮ್ಮ ಗಂಡನ ಹೆಣದ ಮುಂದೆ ನಿಮ್ಮನ್ನ ಯಾರು ಅಂತ ಕೇಳಿದ್ರೆ?”

ಅಡುಗೆಯವಳು ಒಲೆಯ ಕಡೆ ಹೋದಳು.

ಬಾಗಿಲು ತೆರೆದರು. ಗಿರಾಕಿಗಳು ಸಾಲಾಗಿ ಒಳಬಂದರು. ಹಲವರು ತಮ್ಮ ತಮ್ಮ ಮಾಮೂಲಿ ಮೇಜಿನ ಪಕ್ಕದಲ್ಲೇ ಹೋಗಿ ನಿಂತರು. ಯಜಮಾನ ಗಂಟಲು ಸರಿಮಾಡಿಕೊಂಡು ಸೂಪ್ ತಾತನ ಕತೆ ಹೇಳಿದ: ಬೀದಿ, ಜ್ವರ, ಮಡಿಲಲ್ಲಿ ಹೋದ ಮಗು. ಕತೆ ಮುಗಿದದ್ದೇ ತಡ, ನಾಲ್ಕೈದು ಜನ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟರು. ಆಮೇಲೆ ನಾಚಿಕೊಂಡು ಕೈ ಕಟ್ಟಿ ನಿಂತರು.

ಮಗಳಿಗೆ ಇನ್ನು ತಡೆಯಲಾಗಲಿಲ್ಲ. ಪೆಟ್ಟಿಗೆಯ ತಲೆಯ ಬಳಿ ಹೋಗಿ ಗಟ್ಟಿಯಾಗಿ, “ಅವರ ಮಗಳು ನಾನೇ,” ಅಂದಳು.

ಯಜಮಾನನ ಮುಖ ಬಿಳಿಚಿತು. ಮುಂದೆ ನಿಂತಿದ್ದ ದಪ್ಪನೆಯ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡು ಅಳತೊಡಗಿದಳು. “ಹೌದಮ್ಮ, ನಂಗೂ ಹಾಗೇ ಅನ್ಸುತ್ತೆ. ನಾವೆಲ್ಲ ಅವರ ಮಕ್ಕಳೇ.”

“ಅಲ್ಲ ಕಣ್ರೀ, ನಾನು ನಿಜವಾಗ್ಲೂ…”

“ಗೊತ್ತು ತಾಯಿ, ಗೊತ್ತು. ಅತ್ತುಬಿಡು.”

ಸುತ್ತಲಿನವರು ತಲೆಯಾಡಿಸಿದರು. “ನಾನೂ ಮಗನೇ,” ಅಂದ ಟೈ ಕಟ್ಟಿದವನೊಬ್ಬ, ಮೂಗು ಒರೆಸಿಕೊಳ್ಳುತ್ತ. ಯಜಮಾನನಿಗೆ ಹೋದ ಉಸಿರು ಬಂದಂತಾಯಿತು. ಇವರಿಗೆ ಇನ್ನು ಯಾವ ಬಾಯಲ್ಲಿ ಹೇಳುವುದು ಎಂದುಕೊಂಡಳು ಮಗಳು.

ಹೆಂಗಸು ಚೀಲದಿಂದ ಬಟ್ಟೆಯ ಗೊಂಬೆಯೊಂದನ್ನು ತೆಗೆದಳು. ಹೊಸದು, ಕಾಲಿನಲ್ಲಿ ಅಂಗಡಿಯ ಚೀಟಿ ನೇತಾಡುತ್ತಿತ್ತು. “ಅವರ ಪುಟ್ಟಿಗೆ ಅಂತ ತಂದೆ. ಅಲ್ಲಿ ಮೇಲೆ ಸಿಗ್ತಾಳಲ್ಲ, ಪಾಪ. ನೀನು ಹತ್ತಿರ ನಿಂತಿದೀಯ, ನೀನೇ ಇಟ್ಬಿಡಮ್ಮ.”

ಹಿಂದೆ ಸಾಲು ಬೆಳೆದಿತ್ತು. “ಸ್ವಲ್ಪ ಬೇಗ,” ಅಂದರು ಯಾರೋ.

ಮಗಳು ಬಾಗಿದಳು. ಅಪ್ಪನ ತೋಳು ಸೆಟೆದುಕೊಂಡಿತ್ತು. ಎರಡೂ ಕೈ ಹಾಕಿ ಅದನ್ನು ಮೇಲೆತ್ತಿ, ಗೊಂಬೆಯನ್ನು ಅವನ ಕಂಕುಳಿಗೆ ಸೇರಿಸಿ, ಅದರ ಮುಖಕ್ಕೆ ಬಿದ್ದಿದ್ದ ಫ್ರಾಕನ್ನು ಮೊಣಕಾಲಿನವರೆಗೆ ಎಳೆದು ಸರಿಮಾಡಿದಳು.